ಅಂಬ್ರಪ್ಪನ ನೀಲಿ ಅಂಕಿ

ಹೈದರಾಬಾದಿನ ಅಂಗಡಿಯವನೊಬ್ಬ ಹೇಳುವವರೆಗೆ ಅಂಬ್ರಪ್ಪನಿಗೆ ತನ್ನ ಕಿವಿಗಳ ಬಗ್ಗೆ ವಿಶೇಷ ಅಭಿಮಾನವೇನೂ ಇರಲಿಲ್ಲ. ಅಕ್ಕನ ಮಗನ ಮದುವೆಗೆಂದು ಹೋದವನು ಮಳೆ ಬಂತೆಂದು ಹಾಡಿನ ಪೆಟ್ಟಿಗೆ ಮಾರುವ ಆ ಅಂಗಡಿಯೊಳಗೆ ಹೊಕ್ಕಿದ್ದ. ಅವರು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಚಹಾ ಕೊಟ್ಟು, ಒಂದು ಹಾಡು ಹಚ್ಚಿ, ಏನು ಕೇಳಿಸಿತು ಎಂದು ಕೇಳಿದರು. "ತಬಲಾ ಬಾರಿಸೋನ ಕೈಯಾಗ ಉಂಗುರ ಐತ್ರಿ. ಎರಡು ಸಲ ಬಡಿದು ಸಪ್ಪಳಾತು" ಎಂದ ಅಂಬ್ರಪ್ಪ. ಅಂಗಡಿಯವನು ಎದ್ದು ನಿಂತು ಅವನ ಕೈ ಕುಲುಕಿ, ಇಂಥ ಕಿವಿಯ ಗಿರಾಕಿ ಈ ವರ್ಷ ನೀವೇ ಮೊದಲು ಎಂದ. ಹಿಂದಿನ ದಿನ ಬಂದವನಿಗೂ ಇದನ್ನೇ ಹೇಳಿರಬಹುದು. ಆದರೆ ಹಿಂದಿನ ದಿನ ಬಂದವನು ಶಹಾಪುರ ತಾಲ್ಲೂಕಿನ ಉಪಕಾಲುವೆಯೊಂದರ ಗೇಜ್ ರೀಡರ್ ಆಗಿರಲಿಲ್ಲ. ಆದ್ದರಿಂದ ಅವನಿಂದ ಯಾರಿಗೂ ತೊಂದರೆಯಾಗಲಿಲ್ಲ.

ಗೇಜ್ ರೀಡರ್ ಕೆಲಸ ದೊಡ್ಡದಲ್ಲ. ಕಾಲುವೆಯ ಗೋಡೆಗೆ ಬಣ್ಣದಲ್ಲಿ ಬರೆದ ಅಳತೆಯ ಪಟ್ಟಿ ಇರುತ್ತದೆ. ದಿನಕ್ಕೆ ಎರಡು ಸಲ ಹೋಗಿ ನೀರು ಎಷ್ಟು ಅಡಿ ಎಷ್ಟು ಇಂಚು ಇದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಆದರೆ ಕಾಲುವೆ ಬಂದ ಮೇಲೆ ಈ ಸೀಮೆಯ ಜನ ದೇವರಿಗೆ ದಿನಕ್ಕೊಂದು ಸಲ, ಗೇಜ್ ರೀಡರನಿಗೆ ಎರಡು ಸಲ ನಮಸ್ಕಾರ ಹಾಕುತ್ತಾರೆ.

ಹದಿನೈದು ದಿನಕ್ಕೆ ಹೈದರಾಬಾದಿನಿಂದ ಯಾದಗಿರಿ ಸ್ಟೇಶನ್ನಿಗೆ ಎರಡು ರಟ್ಟಿನ ಡಬ್ಬಿ ಬಂದವು. ಅಂಬ್ರಪ್ಪ ಅವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಹಾಪುರದ ಆಚೆಗಿನ ಕೆನಾಲ್ ಕ್ಯಾಂಪಿನ ತನ್ನ ಕ್ವಾರ್ಟರಿಗೆ ತಂದ. ಒಂದರಲ್ಲಿ ಕರಿ ಪೆಟ್ಟಿಗೆ, ಇನ್ನೊಂದರಲ್ಲಿ ಬೆಳ್ಳಿ ಬಣ್ಣದ ಪೆಟ್ಟಿಗೆ. ಎರಡರ ಕೆಲಸವೂ ಒಂದೇ. ಇಂಟರ್ನೆಟ್ಟಿನಿಂದ ಹಾಡನ್ನು ಅಂಕಿಗಳಾಗಿ ತರಿಸಿಕೊಳ್ಳುವುದು, ಆ ಅಂಕಿಗಳನ್ನು ಮತ್ತೆ ದನಿ ಮಾಡಿ ಸ್ಪೀಕರಿಗೆ ಕೊಡುವುದು. ತರಿಸುವ ಭಾಗಕ್ಕೆ ಸ್ಟ್ರೀಮರ್, ದನಿ ಮಾಡುವ ಭಾಗಕ್ಕೆ ಡ್ಯಾಕ್ ಎಂದು ಹೆಸರು. ಈ ಎರಡೂ ಕೆಲಸವನ್ನು ಅವನ ಮೊಬೈಲು ಇಷ್ಟು ದಿನ ಚಕಾರವೆತ್ತದೆ ಮಾಡುತ್ತಿತ್ತು. ಬೆಳ್ಳಿ ಪೆಟ್ಟಿಗೆಯ ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಅವನ ಹೆಂಡತಿ ಬಾಲಮ್ಮ ಓದಿದರೆ ಮತ್ತೆ ಶುರುವಾಗುತ್ತದೆ.

"ಹತ್ತು ದಿನ ಮನಿಯಾಗ ಇಟ್ಟು ಕೇಳಿ ನೋಡ್ರಿ ಅಂದಾರ" ಎಂದ ಅಂಬ್ರಪ್ಪ. "ಬೇಕಾದ್ದು ಇಟಗೊಳ್ಳೋದು, ಬ್ಯಾಡಾದ್ದು ವಾಪಸ್. ಎರಡೂ ಬ್ಯಾಡಾದ್ರ ಎರಡೂ ವಾಪಸ್."

"ನನ್ನ ಹಿಟ್ಟಿನ ಗಿರಣಿ?" ಎಂದಳು ಬಾಲಮ್ಮ.

ಇದು ಹಳೆಯ ಮಾತು. ಕ್ಯಾಂಪಿನಲ್ಲಿ ಹಿಟ್ಟಿನ ಗಿರಣಿ ಇರಲಿಲ್ಲ. ಜೋಳ ಬೀಸಿಸಲು ಹೆಂಗಸರು ಬಸ್ಸು ಹತ್ತಿ ಶಹಾಪುರಕ್ಕೆ ಹೋಗಬೇಕು. ಮನೆಯ ಮುಂದಿನ ಖೋಲಿಯಲ್ಲಿ ಸಣ್ಣ ಗಿರಣಿ ಹಾಕಬೇಕೆಂದು ಬಾಲಮ್ಮ ಎರಡು ವರ್ಷದಿಂದ ಕಕ್ಕೇರಾದ ತವರಿನ ಹತ್ತಿಯ ಪಾಲನ್ನು ಕೂಡಿಸಿಟ್ಟಿದ್ದಳು. ಖೋಲಿ ಒಂದೇ, ಪ್ಲಗ್ಗೂ ಒಂದೇ.

"ಗಿರಣಿ ಸಪ್ಪಳ ಮಾಡತೈತಿ. ಇದು ನಾದ ಮಾಡತೈತಿ. ಬೆಳ್ಳಿ ಪೆಟ್ಟಿಗಿಯೊಳಗ ಹಾಡಿನ ಹಿಂದ ಒಂದು ಕರಿ ನಿಶ್ಶಬ್ದ ಐತಿ ಬಾಲಿ. ನಿನಗ ಕೇಳಾಕಿಲ್ಲ."

"ನಿಶ್ಶಬ್ದ ಹ್ಯಾಂಗ್ರಿ ಕೇಳತೈತಿ?"

ಅದಕ್ಕೆ ಅಂಗಡಿಯವನು ಉತ್ತರ ಹೇಳಿಕೊಟ್ಟಿರಲಿಲ್ಲ. ಇನ್ನೊಂದು ತೊಡಕೂ ಇತ್ತು. ಅಂಬ್ರಪ್ಪನ ಕ್ವಾರ್ಟರಿನ ಹಿಂದೆಯೇ ಕಾಲುವೆ ನಾಲ್ಕು ಅಡಿ ಕೆಳಕ್ಕೆ ಧುಮುಕುತ್ತದೆ. ಹಗಲೂ ರಾತ್ರಿ ಭೋರ್ ಎನ್ನುವ ಆ ಸಪ್ಪಳದ ಪಕ್ಕದಲ್ಲಿ ಕುಳಿತು ಅವನು ಕರಿ ನಿಶ್ಶಬ್ದವನ್ನು ಹುಡುಕುತ್ತಿದ್ದ.

ಕೊನೆಗೆ ಬಾಲಮ್ಮ ಕರಾರು ಹಾಕಿದಳು. "ಹತ್ತನೇ ದಿನ ಐತವಾರ. ಕಣ್ಣು ಕಟಗೊಂಡು ಕೂಡ್ರಿ. ಐದು ಸಲ ಹಾಡು ಹಚ್ಚತೀವಿ. ಬೆಳ್ಳಿದು ಯಾವುದು, ಕರಿದು ಯಾವುದು, ನಾಲ್ಕು ಸಲ ಖರೆ ಹೇಳಿದ್ರ ಪೆಟ್ಟಿಗಿ ಇರಲಿ. ಇಲ್ಲಂದ್ರ ಎರಡೂ ವಾಪಸ್. ಗಿರಣಿ ಬರಬೇಕು."

"ಐದಕ್ಕ ಐದು ಹೇಳತೀನಿ" ಎಂದ ಅಂಬ್ರಪ್ಪ.

ಅಭ್ಯಾಸ ಶುರುವಾಯಿತು. ಕ್ಯಾಂಪಿನಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಬೇವಿನ ಗಿಡದ ಎರಡನೇ ಕೊಂಬೆಯ ಮೇಲೆ ಮಾತ್ರ. ಅಂಬ್ರಪ್ಪ ಮೊಬೈಲನ್ನು ಸ್ಟೀಲಿನ ಬೋಗುಣಿಯಲ್ಲಿಟ್ಟು ಅಲ್ಲಿಗೆ ಕಟ್ಟಿದ. ಅಲ್ಲಿಂದ ಇಂಟರ್ನೆಟ್ಟು ವೈರಿಲ್ಲದೆ ಪೆಟ್ಟಿಗೆಗೆ ಇಳಿಯುತ್ತಿತ್ತು. ಪಕ್ಕದ ಮನೆಯ ಮರಿಲಿಂಗಮ್ಮ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿದಳು. "ಯಾಕ ತಮ್ಮಾ, ಯಾರ ದೃಷ್ಟಿ ತಾಗೈತಿ?" ಎಂದಳು. ಆಮೇಲೆ ಕಿಟಕಿಯಲ್ಲಿ ಇಣುಕಿದಳು. ಗೇಜ್ ರೀಡರ್ ಕಣ್ಣು ಮುಚ್ಚಿ ಕುಳಿತಿದ್ದಾನೆ. ಅವನ ಮುಂದೆ ಬೆಳ್ಳಿ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ನೀಲಿ ಬೆಳಕಿನ ಅಂಕಿ: 192.

ಆ ಹೊತ್ತಿಗೆ ಸರಿಯಾಗಿ ತಿಮ್ಮಣ್ಣ ಬಂದ. ಉಪಕಾಲುವೆಯ ಕಟ್ಟಕಡೆಯ ಊರಿನವನು. ಮೇಲಿನವರು ಕುಡಿದು ಉಳಿದ ನೀರು ಸಿಗುವ ಈ ಕಡೆಯ ಊರುಗಳಿಗೆ ಟೇಲೆಂಡ್ ಎನ್ನುತ್ತಾರೆ. ಅರವತ್ತು ದಾಟಿದ ತಿಮ್ಮಣ್ಣ ಪ್ರತಿ ಪಾಳಿಗೂ ಮುಂಚೆ ಬಂದು, ಈ ಸಲ ನೀರು ಮುಟ್ಟುತ್ತದೋ ಇಲ್ಲವೋ ಎಂದು ಅಂಬ್ರಪ್ಪನನ್ನು ಕೇಳಿ ಹೋಗುವುದು ರೂಢಿ. ಅವನೂ ಕಿಟಕಿಗೆ ಬಂದು ನಿಂತ.

"ಹೊಸಾ ಮಷಿನ್ ಕೊಟ್ಟಾರ ಗೌರ್ಮೆಂಟಿನವರು" ಎಂದು ಮರಿಲಿಂಗಮ್ಮ ಪಿಸುಗುಟ್ಟಿದಳು. ಅವಳಿಗೆ ಗೊತ್ತಿಲ್ಲದ ವಿಷಯವನ್ನು ಅವಳು ಯಾವತ್ತೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ.

"ಅಂಬ್ರಪ್ಪಾ" ಎಂದ ತಿಮ್ಮಣ್ಣ, "ನೂರಾ ತೊಂಬತ್ತೆರಡು ಐತಲ್ಲ. ಅಂದ್ರ ನಮಗ ಮುಟ್ಟತೈತಿಲ್ಲ?"

ಅಂಬ್ರಪ್ಪನಿಗೆ ಕೇಳಿಸಲಿಲ್ಲ. ಅವನು ತಬಲಾದವನ ಉಂಗುರ ಹುಡುಕುತ್ತಿದ್ದ. ತಾಳಕ್ಕೆ ಸರಿಯಾಗಿ ತಲೆಯಾಡಿಸಿದ. ಒಂದಲ್ಲ, ನಾಲ್ಕು ಸಲ.

ಕಾಲುವೆ ಸೀಮೆಯಲ್ಲಿ ಗೇಜ್ ರೀಡರ್ ತಲೆಯಾಡಿಸಿದನೆಂದರೆ ಅದು ಸರ್ಕಾರಿ ಆದೇಶ. ತಿಮ್ಮಣ್ಣ ಓಡಿಹೋಗಿ ಊರಲ್ಲಿ ಗದ್ದೆ ಹದ ಮಾಡಿಸಿದ. ಆ ಸಂಜೆ ಪಾಳಿಯ ಪ್ರಕಾರ ಬರಬೇಕಾದ ನೀರು ಬಂತು. ಅಷ್ಟೇ ಸಾಕಾಯಿತು.

ಮರುದಿನದಿಂದ ಬೆಳಿಗ್ಗೆ ಎದ್ದರೆ ಕಿಟಕಿಯ ಮುಂದೆ ಜನ. ಒಳಗೆ ಹೋಗಿ ತೊಂದರೆ ಕೊಡುವುದು ಬೇಡವೆಂದು ಮರಿಲಿಂಗಮ್ಮನೇ ಇಣುಕಿ ನೋಡಿ ಅಂಕಿ ಹೇಳುತ್ತಿದ್ದಳು. "ತೊಂಬತ್ತಾರು ಐತ್ರಪಾ. ಮಧ್ಯಮ." "ನೂರಾ ತೊಂಬತ್ತೆರಡು! ಹೋಗ್ರಿ, ಸಸಿ ಕೀಳ್ರಿ!" ಜನ ಬರಿಗೈಲಿ ಬರುತ್ತಿರಲಿಲ್ಲ. ಬದನೆಕಾಯಿ, ನುಗ್ಗೆಕಾಯಿ, ಹಸಿ ಶೇಂಗಾ. ಬಾಲಮ್ಮ ಎಲ್ಲವನ್ನೂ ಮೊರದಲ್ಲಿ ತುಂಬಿಕೊಂಡಳು. "ಈ ಪೆಟ್ಟಿಗಿಯಿಂದ ಬಂದ ಒಂದs ಲಾಭ ಇದು. ಐತವಾರ ತನಕ ಬರಲಿ" ಎಂದಳು.

ಐದನೆಯ ದಿನ ಅಂಬ್ರಪ್ಪನಿಗೆ ವಿಷಯ ತಿಳಿಯಿತು. ಗಾಬರಿಯಾಗಿ ತಿಮ್ಮಣ್ಣನನ್ನು ಒಳಗೆ ಕರೆದು ಕೂರಿಸಿ ತಿಳಿಸಿ ಹೇಳಿದ.

"ಕಾಕಾ, ಇದು ನೀರಿನ ಅಂಕಿ ಅಲ್ಲ. ಹಾಡಿಂದು. ಹಾಡು ತುಂಬುವಾಗ ಒಂದು ಸೆಕೆಂಡಿನಾಗ ದನೀನ್ನ ಎಷ್ಟು ಸಲ ಅಳದಾರ ಅಂತ ತೋರಸತೈತಿ. ನೂರಾ ತೊಂಬತ್ತೆರಡು ಅಂದ್ರ ಸೆಕೆಂಡಿಗೆ ಒಂದು ಲಕ್ಷ ತೊಂಬತ್ತೆರಡು ಸಾವಿರ ಸಲ."

ತಿಮ್ಮಣ್ಣ ಬೆರಳು ಮಡಿಚಿ ಲೆಕ್ಕ ಹಾಕಿದ. "ನೀ ಕಾಲುವಿ ದಿನಕ್ಕ ಎಷ್ಟು ಸಲ ಅಳೀತಿ?"

"ಎರಡು ಸಲ."

"ಹಾಡಿಗೆ ಸೆಕೆಂಡಿಗೆ ಎರಡು ಲಕ್ಷ ಸಲ, ನಮ್ಮ ನೀರಿಗೆ ದಿನಕ್ಕ ಎರಡು ಸಲ. ನಾ ಏನು ಹುಚ್ಚ ಅದೀನೇನೋ ಅಂಬ್ರಪ್ಪ? ಹೇಳಬಾರದು ಅಂತ ಸಾಹೇಬ್ರು ಅಂದಿದ್ರ ಹಾಂಗ ಹೇಳು. ನಾ ಯಾರಿಗೂ ಹೇಳಂಗಿಲ್ಲ."

ಹೊರಗೆ ಹೋಗಿ ಅವನು ಹನ್ನೆರಡು ಮಂದಿಗೆ ಹೇಳಿದ. ಅದು ಗುಟ್ಟಿನ ಮಷಿನ್ ಎಂದಾದ ಮೇಲೆ ಬದನೆಕಾಯಿ ದುಪ್ಪಟ್ಟಾಯಿತು.

ಶುಕ್ರವಾರ ಅಂಬ್ರಪ್ಪ ಒಂದು ತಪ್ಪು ಮಾಡಿದ. ಹೊಸ ಹಾಡುಗಳಿಂದ ಬೇಜಾರಾಗಿ, ಅವನ ಅಪ್ಪ ಕೇಳುತ್ತಿದ್ದ ಹಳೆಯ ತತ್ವಪದಗಳನ್ನು ಹಚ್ಚಿದ. ಅವು ಹಳೆಯ ಅಳತೆಯ ಹಾಡುಗಳು. ನೀಲಿ ಅಂಕಿ 44.1ಕ್ಕೆ ಇಳಿಯಿತು. ಕಿಟಕಿಯಲ್ಲಿ ಮರಿಲಿಂಗಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಯವ್ವಾ! ನಾಲ್ವತ್ನಾಲ್ಕು!"

ಐತವಾರದಿಂದ ಟೇಲೆಂಡಿನ ಪಾಳಿ. ಎರಡೇ ದಿನದ್ದು. ತಿಂಗಳಾದ ಸಸಿ ಮಡಿಯಲ್ಲಿ ಎದ್ದು ನಿಂತಿತ್ತು. ಈ ಪಾಳಿಯಲ್ಲಿ ನೀರು ಮುಟ್ಟದಿದ್ದರೆ ಸಸಿ ಬಲಿತು ನಾಟಿಗೆ ಬಾರದೆ ಹೋಗುತ್ತದೆ. ಸಂಜೆಯೊಳಗೆ ಒಂದು ಅರ್ಜಿ ತಯಾರಾಯಿತು. "ನಮ್ಮ ಕಾಲುವೆಯ ನೀರನ್ನು 192ರಿಂದ 44ಕ್ಕೆ ಇಳಿಸಲಾಗಿದೆ. ಪೂರ್ತಿ 192 ಬಿಡಬೇಕಾಗಿ ವಿನಂತಿ." ಕೆಳಗೆ ಅರವತ್ತು ಸಹಿ, ಇಪ್ಪತ್ತು ಹೆಬ್ಬೆಟ್ಟು.

ಅರ್ಜಿಯನ್ನು ಇಂಜಿನಿಯರ್ ಜಲಾಲುದ್ದೀನ ಸಾಹೇಬರು ಮೂರು ಸಲ ಓದಿದರು. ಅವರ ಲೆಕ್ಕದ ಪ್ರಕಾರ ಆ ಉಪಕಾಲುವೆ ದಂಡೆ ಒಡೆಯುವ ಮಟ್ಟಕ್ಕೆ ತುಂಬಿದರೂ ಹರಿಯುವುದು ತೊಂಬತ್ತು ಕ್ಯೂಸೆಕ್ಸು. ನೂರಾ ತೊಂಬತ್ತೆರಡು ಎಲ್ಲಿಂದ ಬಂತು? ತಮಗೆ ಗೊತ್ತಿಲ್ಲದೆ ಯಾರೋ ದುಪ್ಪಟ್ಟು ನೀರು ಹರಿಸುತ್ತಿದ್ದಾರೆ, ಅದಕ್ಕೊಂದು ಖಾಸಗಿ ಮಷಿನ್ ಬೇರೆ ಇಟ್ಟಿದ್ದಾರೆ ಎಂದು ಅವರು ತೀರ್ಮಾನಿಸಿದರು. ಅಂಬ್ರಪ್ಪನ ಹೆಸರಿಗೆ ನೋಟೀಸು ಬರೆಸಿ ಜೇಬಿನಲ್ಲಿಟ್ಟುಕೊಂಡು, ರಜೆಯ ದಿನವಾದರೂ ಐತವಾರ ಬೆಳಿಗ್ಗೆ ಜೀಪು ಹತ್ತಿದರು.

ಆ ಬೆಳಿಗ್ಗೆ ಅಂಬ್ರಪ್ಪ ಸ್ನಾನ ಮಾಡಿ, ಕಿವಿಯಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಕುಳಿತಿದ್ದ. ಪರೀಕ್ಷೆ ನಡೆಸಲು ಬಾಲಮ್ಮ ಶಹಾಪುರ ಬಸ್ ಸ್ಟ್ಯಾಂಡಿನ ಎದುರಿನ ರೇಡಿಯೋ ರಿಪೇರಿ ಅಂಗಡಿಯ ರಾಜಾಸಾಬನನ್ನು ಕರೆಸಿದ್ದಳು. ನಲವತ್ತು ವರ್ಷ ರೇಡಿಯೋಗಳ ಹೊಟ್ಟೆ ಬಿಚ್ಚಿದ ಮುದುಕ. ಅವನು ಖೋಲಿಯ ನಡುವೆ ಸೀರೆಯ ಪರದೆ ಕಟ್ಟಿಸಿದ. ಎರಡೂ ಪೆಟ್ಟಿಗೆಗಳನ್ನು ಒಂದೇ ಆಂಪ್ಲಿಫೈಯರಿಗೆ ಜೋಡಿಸಿದ. ಆಮೇಲೆ ಚೀಲದಿಂದ ಮೀಟರ್ ತೆಗೆದು ಎರಡರ ವೈರಿಗೂ ಹಿಡಿದು ನೋಡಿದ.

"ಏ ಅಂಬ್ರಪ್ಪ, ಬೆಳ್ಳಿದು ಕರಿದಕ್ಕಿಂತ ಜರಾ ಜೋರು ಕೊಡಾಕತ್ತೈತಿ. ಜೋರು ಇದ್ದದ್ದು ಯಾವತ್ತೂ ಚಲೋ ಅನಸತೈತಿ ಬೇಟಾ. ಒಂದು ಗೇಟು ಆರು ಇಂಚು, ಇನ್ನೊಂದು ಒಂಬತ್ತು ಇಂಚು ಎತ್ತಿಟ್ಟು, ಯಾವ ಕಾಲುವಿ ಚಲೋ ಅಂತ ಕೇಳಿದ್ರ ಹ್ಯಾಂಗ?" ಎಂದು ಗುಂಡಿ ತಿರುಗಿಸಿ ಎರಡನ್ನೂ ಸಮ ಮಾಡಿದ.

ಅಂಬ್ರಪ್ಪನ ಕಿವಿಯ ಎಣ್ಣೆ ಸ್ವಲ್ಪ ಇಂಗಿತು.

"ಜೋರಿನ ಮಾತಲ್ಲ ಮಾಮಾ, ಕರಿ ನಿಶ್ಶಬ್ದದ ಮಾತು" ಎಂದ.

ಅಷ್ಟರಲ್ಲಿ ಜೀಪು ಬಂತು, ಅದರ ಬೆನ್ನಿಗೆ ಟೇಲೆಂಡಿನ ಮೂವತ್ತು ಜನರನ್ನು ಹೇರಿಕೊಂಡ ಟ್ರ್ಯಾಕ್ಟರೂ ಬಂತು. ಖೋಲಿ ತುಂಬಿತು, ಕಿಟಕಿ ತುಂಬಿತು. ಜಲಾಲುದ್ದೀನ ಸಾಹೇಬರು ಪರದೆ ಸರಿಸಿ ಬೆಳ್ಳಿ ಪೆಟ್ಟಿಗೆಯನ್ನು ನೋಡಿದರು, ಹಿಂದೆ ಮುಂದೆ ನೋಡಿದರು, ಕಾಲುವೆಗೆ ಹೋಗುವ ವೈರು ಹುಡುಕಿದರು. ವೈರು ಬೇವಿನ ಗಿಡದ ಬೋಗುಣಿಗೂ ಹೋಗಿರಲಿಲ್ಲ.

"ಇದು ಏನ್ರೀ ಅಂಬ್ರಪ್ಪ?"

"ಹಾಡಿನ ಪೆಟ್ಟಿಗಿ ಸಾಹೇಬ್ರ."

"ಹಾಡಿಗೆ ಅಂಕಿ ಯಾಕ್ರೀ?"

"ಹಂಗ ಕೇಳ್ರಿ ಸಾಹೇಬ್ರ!" ಎಂದ ಕಿಟಕಿಯಿಂದ ತಿಮ್ಮಣ್ಣ.

ಬಾಲಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಸಾಹೇಬ್ರ, ನಿಮ್ಮ ವಿಚಾರಣಿ ಆಮ್ಯಾಲ ಮಾಡ್ರಿ. ಮೊದಲ ನಂದು ಮುಗೀಲಿ. ಕುರ್ಚಿ ತಗೋರಿ, ಶೇಂಗಾ ತಿನ್ರಿ." ಸಾಹೇಬರು ತಮ್ಮ ಇಪ್ಪತ್ತು ವರ್ಷದ ನೌಕರಿಯಲ್ಲಿ ಅನೇಕ ಮಂತ್ರಿಗಳ ಮುಂದೆ ನಿಂತಿದ್ದರು. ಇಲ್ಲಿ ಕುಳಿತರು.

ಅಂಬ್ರಪ್ಪನ ಕಣ್ಣಿಗೆ ಟವೆಲ್ ಕಟ್ಟಿದರು. ಪರದೆಯ ಹಿಂದೆ ರಾಜಾಸಾಬ ತತ್ವಪದ ಹಚ್ಚಿದ.

"ಬೆಳ್ಳಿ" ಎಂದ ಅಂಬ್ರಪ್ಪ ತಕ್ಷಣ.

"ಕರಿ" ಎಂದ ರಾಜಾಸಾಬ. ಬಾಲಮ್ಮ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು ಎಳೆದಳು.

ಎರಡನೇ ಸಲ ಅವನು ಬಹಳ ಹೊತ್ತು ಕೇಳಿದ. "ಇದು ಕರಿ. ದನಿ ಒಣಗೇತಿ. ಏಕತಾರಿ ತಂತಿ ಮೂಗಿನಾಗ ಮಾತಾಡಾಕತ್ತೈತಿ."

"ಬೆಳ್ಳಿ."

ಎರಡನೇ ಗೀಟು. ಇನ್ನು ಪೆಟ್ಟಿಗೆ ಉಳಿಯುವ ಹಾಗಿರಲಿಲ್ಲ. ಆದರೂ ಅಂಬ್ರಪ್ಪ ಮಾನಕ್ಕಾಗಿ ಕುಳಿತ. ಮೂರನೇ ಸಲ ಅವನ ಮುಖ ಅರಳಿತು. "ಹಾಂ! ಬಂತು ನೋಡ್ರಿ. ಇದು ಬೆಳ್ಳಿ. ಈಗಷ್ಟ ಹಚ್ಚಿದ್ದಕ್ಕೂ ಇದಕ್ಕೂ ಆಕಾಶ ಪಾತಾಳದಷ್ಟು ಫರಕ್ ಐತಿ. ಹಾಡಾಂವ ಎರಡು ಹೆಜ್ಜಿ ಮುಂದ ಬಂದು ನಿಂತಾನ. ಅವನ ಬೆನ್ನ ಹಿಂದ ಜಾಗಾ ಕಾಣಸಾಕತ್ತೈತಿ."

"ಬೆಳ್ಳಿನs ಖರೆ ಬೇಟಾ" ಎಂದ ರಾಜಾಸಾಬ. "ಆದ್ರ ಈ ಸಲ ನಾ ಪೆಟ್ಟಿಗಿ ಬದಲಿ ಮಾಡೇ ಇಲ್ಲ. ಎರಡನೇದs ಮುಂದುವರದೈತಿ."

ಕಿಟಕಿಯಲ್ಲಿದ್ದ ಮೂವತ್ತು ಜನರೂ ನಕ್ಕರು. ಸಾಹೇಬರು ಶೇಂಗಾ ಸಿಪ್ಪೆಯನ್ನು ಬಾಯಿಗೆ ಹಾಕಿಕೊಂಡು ಕಾಳನ್ನು ಕೆಳಗೆ ಹಾಕಿದರು.

ನಾಲ್ಕನೇ ಸಲ ಹಾಡು ಶುರುವಾಯಿತು. ಅಂಬ್ರಪ್ಪ ಕುತ್ತಿಗೆ ಒಂದು ಕಡೆ ವಾಲಿಸಿದ. ಆಮೇಲೆ ಕೈಯೆತ್ತಿದ. "ಹಾಡು ಬಂದ್ ಮಾಡ್ರಿ."

"ಸೋತ ಮ್ಯಾಲ ನೆವ ಹುಡುಕಬ್ಯಾಡ್ರಿ" ಎಂದಳು ಬಾಲಮ್ಮ.

"ಬಂದ್ ಮಾಡ್ರಿ ಮಾಮಾ! ಸಾಹೇಬ್ರ, ನೀರು ಕಮ್ಮಿ ಆಗೈತಿ. ಧುಮುಕೋ ಸಪ್ಪಳ ತೆಳ್ಳಗಾಗೈತಿ. ಮುಂಜಾನಿಗಿಂತ ಆರು ಇಂಚು ಇಳದೈತಿ. ಇನ್ನೂ ಇಳೀಲಾಕತ್ತೈತಿ."

ಎಲ್ಲರೂ ಕಿವಿಗೊಟ್ಟರು. ಅವರಿಗೆ ಕೇಳಿಸಿದ್ದು ಅದೇ ಭೋರ್. ಸಾಹೇಬರು ಎದ್ದು ಹಿಂದಿನ ಬಾಗಿಲಿಂದ ಕಾಲುವೆಗೆ ಹೋಗಿ ಪಟ್ಟಿ ನೋಡಿದರು. ಬೆಳಿಗ್ಗೆ ಅಂಬ್ರಪ್ಪ ಪುಸ್ತಕದಲ್ಲಿ ಬರೆದದ್ದು ಮೂರು ಅಡಿ ಎರಡು ಇಂಚು. ಈಗ ಎರಡು ಅಡಿ ಎಂಟು ಇಂಚು. ಅವರು ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು.

"ಆರು ಇಂಚು" ಎಂದರು ಮೆಲ್ಲಗೆ.

"ಮ್ಯಾಲಿನ ಗೇಟಿನಾಗ ಏನೋ ಸಿಕ್ಕೈತ್ರಿ" ಎಂದ ಅಂಬ್ರಪ್ಪ. ಟವೆಲ್ ಇನ್ನೂ ಕಣ್ಣ ಮೇಲೇ ಇತ್ತು. "ಹುಲ್ಲು ಕಸ ಅಲ್ಲ, ದೊಡ್ಡದು. ಒಮ್ಮಿಗೇ ಇಳೀತು."

ಟ್ರ್ಯಾಕ್ಟರು ಹೊರಟಿತು. ಎರಡು ಕಿಲೋಮೀಟರು ಮೇಲೆ, ಬೇರು ಸಮೇತ ಉರುಳಿ ಬಂದ ಜಾಲಿ ಗಿಡವೊಂದು ಗೇಟಿನ ಬಾಯಿಗೆ ಅಡ್ಡಲಾಗಿ ಸಿಕ್ಕಿ, ಅದಕ್ಕೆ ಕಸವೆಲ್ಲ ತೊಡರಿ ನಿಂತಿತ್ತು. ಮೂವತ್ತು ಜನ ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆದರು. ಅರ್ಜಿ ಏನಾಯಿತೆಂದು ನೋಡಲು ಬಂದ ಇವರು ಇಲ್ಲದಿದ್ದರೆ ಎಳೆಯುವವರು ಯಾರೂ ಇರಲಿಲ್ಲ. ಸೋಮವಾರ ಆಳು ಬಂದು ನೋಡಿ, ಗಿಡ ಎಳೆಸುವಷ್ಟರಲ್ಲಿ ಟೇಲೆಂಡಿನ ಪಾಳಿ ಮುಗಿದಿರುತ್ತಿತ್ತು.

ಇತ್ತ ಖೋಲಿಯಲ್ಲಿ ಸಾಹೇಬರು, ಬಾಲಮ್ಮ, ರಾಜಾಸಾಬ, ಮರಿಲಿಂಗಮ್ಮ ನಾಲ್ವರೂ ಅಂಬ್ರಪ್ಪನ ಮುಖ ನೋಡುತ್ತ ಕುಳಿತಿದ್ದರು. ಮುಕ್ಕಾಲು ತಾಸಿನ ಮೇಲೆ ಅವನು ನಕ್ಕ. "ಬಂತು." ಸಾಹೇಬರು ಓಡಿ ಹೋಗಿ ಪಟ್ಟಿ ನೋಡಿದರು. ನೀರು ಏರುತ್ತಿತ್ತು.

ಅವರು ಜೇಬಿನ ನೋಟೀಸು ತೆಗೆದು, ಅದರಲ್ಲಿ ಉಳಿದ ಶೇಂಗಾ ಕಟ್ಟಿಕೊಂಡರು. ಗೇಜ್ ಪುಸ್ತಕ ತರಿಸಿ ಆ ದಿನದ ಘಟನೆ ಬರೆಯತೊಡಗಿದರು. "ದೋಷ ಪತ್ತೆಯಾದ ವಿಧಾನ" ಎಂಬ ಕಾಲಮಿನ ಮುಂದೆ ಪೆನ್ನು ಬಹಳ ಹೊತ್ತು ನಿಂತಿತು. ಕೊನೆಗೆ "ಕಿವಿ" ಎಂದು ಬರೆದು ಸಹಿ ಮಾಡಿದರು.

ಈಗಾದರೂ ಜನರಿಗೆ ತಿಳಿಯುತ್ತದೆ ಎಂದು ಅಂಬ್ರಪ್ಪ ಅಂದುಕೊಂಡ. ಗೇಟಿನಿಂದ ಕೆಸರು ಮೆತ್ತಿಕೊಂಡು ವಾಪಸು ಬಂದ ತಿಮ್ಮಣ್ಣ ನೇರವಾಗಿ ಬೆಳ್ಳಿ ಪೆಟ್ಟಿಗೆಯ ಮುಂದೆ ಹೋಗಿ ನಿಂತು ಕೈಮುಗಿದ.

"ನಾಲ್ವತ್ನಾಲ್ಕು ಅಂತ ಶುಕ್ರವಾರನs ಹೇಳಿತ್ತು ನೋಡು. ಎರಡು ದಿನ ಮೊದಲs! ಇಂವಗ ಇವತ್ತ ಕೇಳಿಸೇತಿ."

"ಕಾಕಾ, ಅದು ತತ್ವಪದದ ಅಂಕಿ!"

"ತಮ್ಮಾ, ನಿನ್ನ ನೌಕರಿ ನಾ ಕಳೆಯಂಗಿಲ್ಲ. ನೀ ಹೇಳಬ್ಯಾಡ, ನಾ ಕೇಳಂಗಿಲ್ಲ."

ಅದೇನೇ ಇರಲಿ, ಕರಾರು ಕರಾರೇ. ಸೋಮವಾರ ಎರಡೂ ಡಬ್ಬಿಗಳು ಯಾದಗಿರಿಯ ದಾರಿ ಹಿಡಿದವು. ಅವನ್ನು ಬಸ್ಸಿಗೆ ಏರಿಸುವಾಗ ಹೆಂಗಸರು ಕುಂಕುಮ ಹಚ್ಚಿದ್ದನ್ನು ಹೈದರಾಬಾದಿನ ಅಂಗಡಿಯವನು ಏನೆಂದು ತಿಳಿದನೋ ಗೊತ್ತಿಲ್ಲ. ಬುಧವಾರ ಆ ಪ್ಲಗ್ಗಿಗೆ ಬಾಲಮ್ಮನ ಗಿರಣಿ ಬಂತು.

ಅಂಬ್ರಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೇ ದಿನ ಗಿರಣಿಯ ಪಕ್ಕ ಕುರ್ಚಿ ಹಾಕಿಕೊಂಡ. ಮರಿಲಿಂಗಮ್ಮನ ಜೋಳ ಬೀಸುತ್ತಿದ್ದಾಗ ತಟ್ಟನೆ ಎದ್ದು ಸ್ವಿಚ್ ಆರಿಸಿದ. "ಹಳ್ಳು ಐತಿ. ಎರಡು." ಸುರುವಿ ನೋಡಿದರೆ ಜೋಳದಲ್ಲಿ ಎರಡು ಸಣ್ಣ ಕಲ್ಲು. ಅಂದಿನಿಂದ ಹೆಂಗಸರು ಅಂಬ್ರಪ್ಪ ಮನೆಯಲ್ಲಿರುವ ಹೊತ್ತು ನೋಡಿಯೇ ಜೋಳ ತರತೊಡಗಿದರು. ಶಹಾಪುರದ ಗಿರಣಿಯಲ್ಲಿ ಹಲ್ಲು ಮುರಿದುಕೊಂಡವರು ಬಹಳ ಜನರಿದ್ದರು. "ನಿಮ್ಮ ಕಿವಿ ಖರೇನೂ ಸಾದಾ ಅಲ್ಲ ಬಿಡ್ರಿ" ಎಂದಳು ಬಾಲಮ್ಮ. ಹೈದರಾಬಾದಿನವನು ಹೇಳಿದ್ದಕ್ಕಿಂತ ಇದು ಅವನ ಮನಸ್ಸಿಗೆ ಹೆಚ್ಚು ಇಳಿಯಿತು. ಇವಳಿಗೆ ಮಾರಲು ಏನೂ ಇರಲಿಲ್ಲ.

ಮುಂದಿನ ಪಾಳಿಗೆ ಮುಂಚೆ ತಿಮ್ಮಣ್ಣ ಅರ್ಧ ಚೀಲ ಜೋಳ ಹೊತ್ತುಕೊಂಡು ಬಂದ. ಬೆಳ್ಳಿ ಪೆಟ್ಟಿಗೆ ಇದ್ದ ಜಾಗ ನೋಡಿ ನಿಟ್ಟುಸಿರು ಬಿಟ್ಟ. ಆಮೇಲೆ ಗಿರಣಿ ನೋಡಿದ. ಹಿಟ್ಟು ಎಷ್ಟು ಸಣ್ಣ ಬೇಕೋ ಅಷ್ಟಕ್ಕೆ ತಿರುಗಿಸುವ ಗುಂಡಿಯೊಂದು ಅದರ ಮೈಮೇಲಿತ್ತು. ಗುಂಡಿಯ ಸುತ್ತ ಒಂದರಿಂದ ಐದರವರೆಗೆ ಅಂಕಿ. ಮುಳ್ಳು ಎರಡರ ಮೇಲಿತ್ತು.

"ಅಂಬ್ರಪ್ಪಾ, ಎರಡಕ್ಕ ಇಳದೈತಲ್ಲೋ! ನಮಗ ಮುಟ್ಟಂಗಿಲ್ಲೇನು?"

ಅಂಬ್ರಪ್ಪ ಕಣ್ಣು ಮುಚ್ಚಿ ಗಿರಣಿಯ ತಾಳಕ್ಕೆ ತಲೆಯಾಡಿಸುತ್ತಿದ್ದ.

ತಿಮ್ಮಣ್ಣ ಊರಿಗೆ ಫೋನ್ ಮಾಡಲು ಬೇವಿನ ಗಿಡದ ಕಡೆ ಓಡಲು ತಿರುಗಿದ. ಬಾಲಮ್ಮ ಒಮ್ಮೆ ಗಂಡನನ್ನು ನೋಡಿದಳು, ಒಮ್ಮೆ ಮುದುಕನನ್ನು ನೋಡಿದಳು. ಕೈ ಚಾಚಿ ಗುಂಡಿಯನ್ನು ಕಟಕ್ಕೆಂದು ಐದಕ್ಕೆ ತಿರುಗಿಸಿದಳು.

"ತಗೋರಿ ಕಾಕಾ, ಐದಕ್ಕ ಇಟ್ಟೀನಿ. ಹೋಗಿ ಗದ್ದಿ ಹದ ಮಾಡ್ರಿ."

ತಿಮ್ಮಣ್ಣನ ಜೋಳ ಅಂದು ರವೆಯಾಗಿ ಬಿತ್ತು. ಮನೆಯಲ್ಲಿ ರೊಟ್ಟಿ ಬಡಿಯಲು ಬರಲಿಲ್ಲ. ಆದರೆ ನೀರು ಬಂತು.